ಬಿಳಿ ಅಂಗಿಯ ಮೇಲಿನ ಪಟ್ಟಿ

ನಮ್ಮ ಮನೆಯವರು ಸೀಟ್ ಬೆಲ್ಟ್ ಹಾಕದಿರಲು ಕೊಡುತ್ತಿದ್ದ ಕಾರಣ ಕೇಳಿದರೆ ನೀವೂ ನಗುತ್ತೀರಿ: ಅಂಗಿ ಕೊಳೆಯಾಗುತ್ತದೆ! ಅದರಲ್ಲಿ ಅರ್ಧ ನಿಜವೂ ಇತ್ತು, ಒಪ್ಪಬೇಕು. ಶಹಾಬಾದಿನಲ್ಲಿ ನಮ್ಮ ಮನೆ ಇರುವುದು ಕಲ್ಲು ಕೊಯ್ಯುವ ಯಂತ್ರಗಳ ಪಕ್ಕದಲ್ಲೇ. ಕಾರಿನ ಗಾಜು ಏರಿಸಿದ್ದರೂ ಕಲ್ಲಿನ ಪುಡಿ ಹೇಗೋ ಒಳಗೆ ನುಗ್ಗಿ ಬೆಲ್ಟಿಗೆ ಮೆತ್ತಿಕೊಳ್ಳುತ್ತದೆ. ಹಾಕಿಕೊಂಡರೆ ಹೆಗಲಿನಿಂದ ಸೊಂಟದವರೆಗೆ ಬೂದು ಬಣ್ಣದ ಪಟ್ಟಿ. ಮನೆಯವರೋ ಚಿತ್ತಾಪುರದ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರರು. ದಿನಾ ಬಿಳಿ ಅಂಗಿ, ಅದಕ್ಕೆ ಕೈ ತಾಗಿದರೆ ಕೊಯ್ಯುವಂಥ ಇಸ್ತ್ರಿ.

"ಪಟ್ಟಾ ಕಟ್ಟಿಸ್ಕೊಳ್ಳಾಕ ನಾ ಏನ್ ನಾಯೇನು?" ಎಂದು ಮೇಲೊಂದು ಮಾತು ಬೇರೆ. ಬೆಲ್ಟ್ ಹಾಕದಿದ್ದರೆ ಕಾರು ಕಿರುಚುತ್ತದಲ್ಲ ಎಂದರೆ ಅದಕ್ಕೂ ಉಪಾಯ ಮಾಡಿದ್ದರು. ಬೆಲ್ಟನ್ನು ಸೀಟಿಗೆ ಕಾಯಮ್ಮಾಗಿ ಸಿಕ್ಕಿಸಿಟ್ಟು, ಅದರ ಮೇಲೆ ಒರಗಿ ಕೂರುವುದು. ಕಾರಿಗೂ ಸಮಾಧಾನ, ಇವರಿಗೂ ಸಮಾಧಾನ. ವಾಡಿ ರಸ್ತೆಯ ಸಿಮೆಂಟ್ ಲಾರಿಗಳನ್ನು ನೆನೆದು ಸಂಜೆಯತನಕ ಜೀವ ಕೈಯಲ್ಲಿ ಹಿಡಿದು ಕೂರುವವಳು ನಾನೊಬ್ಬಳೇ. ನನಗೆ ಈ ಮನುಷ್ಯ ಬೇಕು, ಅದೂ ಮುರಿಯದೆ ಮುಕ್ಕಾಗದೆ ಬೇಕು.

ಹಾಗಾಗಿ ನಾನೇ ಒಂದು ಕಾಯ್ದೆ ಮಾಡಿದೆ. "ಅಂಗಿ ಮ್ಯಾಲ ಪಟ್ಟಿ ಇದ್ರ ಚಾ. ಇಲ್ಲಂದ್ರ ನೀರು ಕುಡೀರಿ." ಸಂಜೆ ಬಾಗಿಲಲ್ಲೇ ನಿಲ್ಲಿಸಿ ತಪಾಸಣೆ. ಕೆಲವು ದಿನ ನೀರೇ ಕುಡಿದರು. ಆಮೇಲೊಂದು ಸಂಜೆ ಎದೆ ಉಬ್ಬಿಸಿಕೊಂಡು ಬಂದರು. ಎಡ ಹೆಗಲಿನಿಂದ ಬಲ ಸೊಂಟಕ್ಕೆ, ಸ್ಕೇಲು ಇಟ್ಟು ಎಳೆದಷ್ಟು ನೇರವಾದ ಪಟ್ಟಿ.

"ಕಾರ್ ನೀವೇ ಓಡ್ಸಿದ್ರೇನ್ರಿ?"

"ಮತ್ಯಾರು ಓಡಿಸ್ತಾರ?"

"ಓಡಿಸೋರಿಗಿ ಬೆಲ್ಟ್ ಬಲ ಹೆಗಲಿಂದ ಬರ್ತದ್ರಿ, ಮಾಸ್ತರ್ರ!"

ಪಾಪ, ಎಂದೂ ಹಾಕದ ಮನುಷ್ಯನಿಗೆ ಯಾವ ಹೆಗಲೆಂಬುದೇ ಗೊತ್ತಿರಲಿಲ್ಲ. ಗಲ್ಲಿಯ ಮೂಲೆಯಲ್ಲಿ ಕಾರು ನಿಲ್ಲಿಸಿ, ಕರವಸ್ತ್ರಕ್ಕೆ ಬಾನೆಟ್ಟಿನ ದೂಳು ಹಚ್ಚಿ ಎಳೆದುಕೊಂಡಿದ್ದರಂತೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕಪಕ್ಕದ ಮನೆಗಳಿಗೂ ಸುದ್ದಿ ಮುಟ್ಟಿಸಿದೆ. ಅದಾದ ಮೇಲೆ ಪಟ್ಟಿ ಬಲ ಹೆಗಲಿಗೆ ಬಂತು. ಸುಕ್ಕಿನ ಸಮೇತ ಬಂದದ್ದರಿಂದ ನಿಜದ್ದೇ ಎಂದು ನಂಬಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ತಡವಾಗಿ ಬಂದರು. ನೋಡಿದರೆ ಪಟ್ಟಿ ಮತ್ತೆ ಎಡ ಹೆಗಲ ಮೇಲೆ! ನನಗೆ ಸಿಟ್ಟು ನೆತ್ತಿಗೇರಿತು.

"ಮತ್ತ ಅದೇ ನಾಟಕ ಏನ್ರಿ? ನಾಚಿಕಿ ಬರಂಗಿಲ್ಲೇನು?"

"ಇವತ್ತ ನಾ ಓಡಿಸಿಲ್ಲ," ಎಂದರು ಗೋಡೆ ಹಿಡಿದುಕೊಂಡು. "ಸೇಡಂದಾಗ ಮೀಟಿಂಗ್ ಇತ್ತು. ನಮ್ಮ ಗಲ್ಲ್ಯಾಗಿನ ಡ್ರಾಯಿಂಗ್ ಮಾಸ್ತರ ಕಾರಿನ್ಯಾಗ ಬಾಜೂಕ ಕುಂತಿದ್ದೆ."

ಬರುವಾಗ ಊರ ಹತ್ತಿರದ ತಿರುವಿನಲ್ಲಿ ಕಲ್ಲು ಹೇರಿದ ಟ್ರ್ಯಾಕ್ಟರೊಂದು ದೀಪವಿಲ್ಲದೆ ನಿಂತಿತ್ತಂತೆ. ಕಾರಿನ ಮೂತಿ ಅದಕ್ಕೆ ಹೋಗಿ ಗುದ್ದಿತಂತೆ. ಇಬ್ಬರೂ ಇಳಿದು ನಡೆದು ಬಂದರಂತೆ. ನಾನು ನಂಬಲಿಲ್ಲ. ಗುಂಡಿ ಬಿಚ್ಚಿ ನೋಡಿದೆ. ಅಂಗಿಯ ಪಟ್ಟಿ ಎಲ್ಲಿತ್ತೋ ಅದರ ಕೆಳಗೇ, ಮೈಮೇಲೆ, ಅಷ್ಟೇ ಅಗಲಕ್ಕೆ ನೀಲಿಗಟ್ಟಿತ್ತು.

"ಬಾಜೂಕ ಕುಂತೋರು ಬೆಲ್ಟ್ ಯಾಕ ಹಾಕಿದ್ರಿ?"

"ನೀ ಚಾ ಕೊಡಂಗಿಲ್ಲಲ್ಲ, ಅದಕ್ಕ."

ಬೈಯಲು ಬಾಯಿ ತೆರೆದವಳು ಅಳುವುದಕ್ಕೇ ಶುರು ಮಾಡಿದೆ. ಅವರು ಎದೆ ಒತ್ತಿಕೊಂಡು, "ಉಸರ ಎಳ್ಕೊಂಡ್ರ ಭಾಳ ನೋಯ್ತದ," ಎಂದರು.

"ನೋಯ್ಲಿ ಬಿಡ್ರಿ," ಎಂದೆ. "ಎಳ್ಕೋತ ಇರ್ರಿ."