ಬೋರ್ಡು ಇಳಿಸಿದ ಮಣ್ಣಜ್ಜಿ

ಕಿಂಡರ್‌ಗಾರ್ಟನ್ನಿನ ಆಯಾಳನ್ನ ಮಕ್ಕಳೆಲ್ಲ ಕರೆಯೋದು ಮಣ್ಣಜ್ಜಿ ಅಂತ. ಮೂಗು ಒರೆಸೋದು, ಚಡ್ಡಿ ಬದಲಿಸೋದು ಅವಳ ಕೆಲಸ. ಜೀವ ಮಾತ್ರ ಹಿಂದಿನ ಅಂಗಳದಲ್ಲಿ. ಅಲ್ಲಿ ಒಂದೊಂದು ಮಗುವಿಗೆ ಒಂದೊಂದು ಮೊಳ ಮಣ್ಣು. ಬೀಜ ಹಾಕೋದು, ನೀರು ಹೊಯ್ಯೋದು, ಮೊಳಕೆ ಬಂತಾ ಅಂತ ದಿನಕ್ಕೆ ನಾಲ್ಕು ಸಲ ಕೆದಕಿ ಸಾಯಿಸೋದು, ಆಮೇಲೆ ಅಳೋದು, ಎಲ್ಲ ಅವರದೇ. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ಶಾಲೆ ಕಟ್ಟಿದ ಟೀಚರಮ್ಮ ತೀರಿಕೊಂಡ ಮೇಲೆ ಹೊಸ ಮ್ಯಾನೇಜರ್ ಬಂದ. ಇಸ್ತ್ರಿ ಕೆಡದ ಅಂಗಿ, ಮಣ್ಣು ಕಂಡರೆ ಮೈಯೆಲ್ಲ ತುರಿಕೆ. ಮಕ್ಕಳ ಬಟ್ಟೆ ಕೊಳೆಯಾಗುತ್ತೆ ಅಂತ ಅಂಗಳಕ್ಕೆ ಸಿಮೆಂಟು ಹಾಕಿಸೋಕೆ ಹೊರಟ. ಚೀಲಗಳೂ ಬಂದು ಬಿದ್ದವು. ಮಣ್ಣಜ್ಜಿ ನೆಟ್ಟಗೆ ಅವನ ರೂಮಿಗೆ ನುಗ್ಗಿ, ತೋಟ ಮುಚ್ಚೋದಾದರೆ ಬಾಗಿಲ ಮೇಲಿನ ‘ಕಿಂಡರ್‌ಗಾರ್ಟನ್’ ಬೋರ್ಡೂ ಇಳಿಸಬೇಕು ಅಂದಳು.

ಅವನು ನಕ್ಕ. “ಆ ಬೋರ್ಡು ಓದೋಕೆ ಬರುತ್ತೇನಮ್ಮ ನಿನಗೆ?”

“ಓದೋಕೆ ಬರಲ್ಲ ಸಾರ್, ಅರ್ಥ ಗೊತ್ತು. ನಿಮಗೆ ಓದೋಕೆ ಬರುತ್ತೆ, ಅರ್ಥ ಗೊತ್ತಾ?”

ಗೊತ್ತಿರಲಿಲ್ಲ, ಪಾಪ. ಟೀಚರಮ್ಮ ಮೊದಲ ದಿನವೇ ಹೇಳಿಕೊಟ್ಟಿದ್ದನ್ನ ಅವಳೇ ಬಿಡಿಸಿ ಹೇಳಿದಳು. ಕಿಂಡರ್‌ಗಾರ್ಟನ್ ಅನ್ನೋದು ಜರ್ಮನ್ ಪದ, ಮಕ್ಕಳ ತೋಟ ಅಂತ ಅರ್ಥ. ಸುಮಾರು ನೂರಾ ಎಂಬತ್ತು ವರ್ಷದ ಹಿಂದೆ ಅಲ್ಲಿನ ಮೇಷ್ಟರೊಬ್ಬರು ಪುಟ್ಟ ಮಕ್ಕಳ ಶಾಲೆಗೆ ಆ ಹೆಸರಿಟ್ಟರು. ಮಕ್ಕಳು ಗಿಡದ ಹಾಗೆ ಬೆಳೀಲಿ ಅಂತ ಬಾಯಲ್ಲಿ ಹೇಳಿ ಸುಮ್ಮನಾಗದೆ, ಅವರ ಕೈಗೆ ನಿಜವಾದ ಮಣ್ಣಿನ ಪಾತಿಗಳನ್ನೇ ಕೊಟ್ಟರು.

ಮ್ಯಾನೇಜರ್ ಫೋನಿನಲ್ಲಿ ಹುಡುಕಿದ. ನಿಜವೇ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಪ್ಲಾಸ್ಟಿಕ್ ಹುಲ್ಲು ಹಾಸೋಣ ಅಂದ. ಇನ್ನೂ ಮಾತಾಡಿದರೆ ನಾಳೆಯಿಂದ ಬರಬೇಡ ಅಂತಲೂ ಸೇರಿಸಿದ.

ಆ ಸಂಬಳ ಬಿಟ್ಟರೆ ಅವಳಿಗೆ ಬೇರೆ ಗತಿಯಿಲ್ಲ. ಆದರೂ ಮರುದಿನ ಎಲ್ಲರಿಗಿಂತ ಮುಂಚೆ ಬಂದು, ಸ್ಟೂಲು ಹತ್ತಿ, ಮೊಳೆ ಕಿತ್ತು, ಬೋರ್ಡನ್ನು ಗೋಡೆಗೆ ಮುಖ ಮಾಡಿ ಇಟ್ಟಳು. ಮಕ್ಕಳನ್ನು ಬಿಡೋಕೆ ಬಂದವರೆಲ್ಲ ಬೋರ್ಡೆಲ್ಲಿ ಅಂದರು. ತೋಟ ಹೋಗೋ ಕಡೆ ಅದರ ಹೆಸರು ಯಾಕೆ ಅಂತ ಎಲ್ಲರಿಗೂ ಒಂದೇ ಉತ್ತರ. ಅಮ್ಮಂದಿರು ಮ್ಯಾನೇಜರ್ ರೂಮಿಗೆ ದಂಡಾಗಿ ಹೊರಟರು. ಬಟ್ಟೆ ಒಗೆಯೋರು ನಾವು, ನಿಮಗೇನು ಕಷ್ಟ ಅಂತ ಒಬ್ಬಳು ಕೇಳಿಯೇಬಿಟ್ಟಳು.

ಮಧ್ಯಾಹ್ನದೊಳಗೆ ಸಿಮೆಂಟು ಚೀಲಗಳು ಬಂದ ದಾರಿ ಹಿಡಿದವು, ಪ್ಲಾಸ್ಟಿಕ್ ಹುಲ್ಲಿನ ಮಾತೂ ನಿಂತಿತು. ಬೋರ್ಡು ಮತ್ತೆ ಹಾಕು ಅಂತ ಮ್ಯಾನೇಜರ್ ಹೇಳಿ ಕಳಿಸಿದ. ಮಣ್ಣಜ್ಜಿ ಸುತ್ತಿಗೆ ಒಯ್ದು ಅವನ ಮೇಜಿನ ಮೇಲಿಟ್ಟಳು.

“ಅರ್ಥ ಗೊತ್ತಿರೋರು ಹಾಕಲಿ ಸಾರ್. ಈಗ ನಿಮಗೂ ಗೊತ್ತಲ್ಲ.”