ಮುದ್ದೆ ಕೋಲು ಹಿಡಿದ ಕೈ

ಚೈತ್ರಾ, ಮನು — ನಿಮ್ಮ ಅಜ್ಜಿ ಒಬ್ಬ ಹೆಂಗಸಿಗೆ ಸಲ್ಲಬೇಕಾದ ಸಂಬಳವನ್ನು ಸುಳ್ಳು ಹೇಳಿ ತಪ್ಪಿಸಿದವಳು. ಇದನ್ನು ನಿಮ್ಮ ಅಮ್ಮನಿಗೂ ಹೇಳಿಲ್ಲ.

ನಿಮ್ಮ ತಾತ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಜಗಳೂರಿನ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಕಾಯಂ ಕೆಲಸ. ಜೊತೆಗಿದ್ದ ಶಾಂತಿಬಾಯಿ ನ್ಯಾಮತಿ ಹತ್ತಿರದ ಸೂರಗೊಂಡನಕೊಪ್ಪದ ಕಡೆಯವಳು, ಹೊರಗುತ್ತಿಗೆಯವಳು. ಒಲೆ ಒಂದೇ, ಹೊತ್ತು ಒಂದೇ. ಸಂಬಳ ಮಾತ್ರ ನನ್ನದರ ಅರ್ಧವೂ ಇಲ್ಲ — ಅದೂ ಏಜೆನ್ಸಿಯವರಿಗೆ ನೆನಪಾದಾಗ.

ಅಷ್ಟು ಮಕ್ಕಳಿಗೆ ಮುದ್ದೆ ತಿರುವುವುದೆಂದರೆ ರಟ್ಟೆ ಕಳಚಿ ಬೀಳುತ್ತದೆ. ಕಾಯಂ ಅಡುಗೆಯವಳೇ ತಿರುವಬೇಕೆಂಬುದು ಅಲ್ಲಿನ ರೂಢಿ. ನನ್ನಿಂದಾಗುತ್ತಿರಲಿಲ್ಲ. ಶಾಂತಿಬಾಯಿ ಕೋಲು ಕಸಿದುಕೊಂಡು, "ನೀನು ಕಾಯಂ ಕುಂದ್ರಾಕೆ, ನಾನು ಕಾಯಂ ತಿರುವಾಕೆ, ಸರಿ ಹೋತು ಬಿಡಕ್ಕಾ" ಎಂದು ನಗುತ್ತಿದ್ದಳು.

ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡಿ ಎಂದು ಅವಳು ಅರ್ಜಿ ಹಾಕಿದಳು. ವಿಚಾರಣೆಗೆ ಸಾಹೇಬರು ಬರುವ ಹಿಂದಿನ ದಿನ ವಾರ್ಡನ್ ನನ್ನನ್ನು ಕರೆದರು. "ಇಬ್ಬರದೂ ಒಂದೇ ಕೆಲಸ ಅಂದ್ರೆ, ಒಬ್ಬರೇ ಸಾಕಲ್ಲ ಅಂತಾರೆ. ಆಮೇಲೆ ನಿನ್ನ ಎಲ್ಲಿಗೆ ಎತ್ತಾಕ್ತಾರೋ ನೋಡ್ಕಮ್ಮ." ಹೆದರಿದೆ. ಆದರೆ ಹೆದರಿದವರೆಲ್ಲ ಸುಳ್ಳು ಹೇಳುವುದಿಲ್ಲ —

"ಮುದ್ದೆ ಯಾರು ತಿರುವೋದು?" ಎಂದರು ಸಾಹೇಬರು.

ಅಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. "ನಾನೇ ಸಾರ್. ಅವಳು ತರಕಾರಿ ಹೆಚ್ಚಾಕೆ ಇರೋದು."

ಪಕ್ಕದಲ್ಲೇ ನಿಂತಿದ್ದ ಶಾಂತಿಬಾಯಿ ಮೆಲ್ಲಗೆ, "ಕೈ ಬಿಚ್ಚಿ ತೋರ್ಸಕ್ಕಾ" ಎಂದಳು. ಅವಳ ಅಂಗೈ ತುಂಬ ಜಡ್ಡುಗಟ್ಟಿತ್ತು. ನಾನು ಬಿಚ್ಚಲಿಲ್ಲ. ಸಾಹೇಬರು ತಲೆಯೆತ್ತಲಿಲ್ಲ. ಅರ್ಜಿ ಬಿದ್ದುಹೋಯಿತು.

ಮಾರನೆಯ ದಿನ ಕೋಲಿಗೆ ಕೈ ಚಾಚಿದೆ — ಅವಳು ಕೊಡಲಿಲ್ಲ. ತಾನೇ ತಿರುವಿದಳು. ರಿಟೈರಾಗುವವರೆಗೆ ಆ ಮುದ್ದೆಯನ್ನೇ ಉಂಡೆ. ಉಗುಳಲಾಗದೆ, ನುಂಗಲಾಗದೆ.

ಈಗ ಆ ಪಿಂಚಣಿಯಲ್ಲೇ ನಿಮ್ಮ ಫೀಸು ಕಟ್ಟುತ್ತಿದ್ದೇನೆ. ಶಾಂತಿಬಾಯಿ ಇನ್ನೂ ಕೋರ್ಟಿಗೆ ಅಲೆಯುತ್ತಿದ್ದಾಳೆ. "ಅಕ್ಕ ಬಂದು ಇದ್ದಿದ್ದು ಹೇಳಿದ್ರೆ ಸಾಕು" ಎಂದು ಹೇಳಿಕಳಿಸಿದ್ದಾಳೆ. ಹೇಳಿದರೆ ಪಿಂಚಣಿ ನಿಲ್ಲುತ್ತದೆಯೋ ಏನೋ — ಯಾರನ್ನು ಕೇಳಲಿ? ಕೇಳಿದರೆ ಯಾಕೆ ಎನ್ನುತ್ತಾರೆ. ಎರಡು ಸಲ ಹೊನ್ನಾಳಿ ಬಸ್ ಸ್ಟ್ಯಾಂಡಿನವರೆಗೆ ಹೋದೆ. ಅವಳ ಊರಿನ ಕಡೆ ಹೋಗುವ ನ್ಯಾಮತಿ ಬಸ್ಸು ಹೊರಡುವುದನ್ನು ನೋಡುತ್ತ ನಿಂತು ವಾಪಸ್ಸು ಬಂದೆ.

ಸೋಮವಾರ ಮತ್ತೆ ಹೋಗುತ್ತೇನೆ. ಆದರೆ ನನ್ನ ಕಾಲಿನ ಮೇಲೆ ನನಗೆ ನಂಬಿಕೆಯಿಲ್ಲ. ಮುದ್ದೆ ತಿರುವಿದವಳು ಶಾಂತಿಬಾಯಿ — ಕೆಳಗೆ ನನ್ನ ಸಹಿ ಇದೆ. ನಾನು ಈ ಸಲವೂ ಅವಳನ್ನು ಕಾಣದೆ ಮನೆಗೇ ಬಂದರೆ, ನನ್ನನ್ನು ಕೇಳದೆ ಇದನ್ನು ಅವಳ ಕೈಗೆ ಕೊಟ್ಟುಬನ್ನಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ — ನನ್ನ ಕೈಗೂ ಸಿಗದ ಹಾಗೆ.