ಚಾಮಯ್ಯನವರ ಕಾಮೆಂಟು
ಹಳೇ ಕಾರಿನ ಇಂಜಿನ್ ಬಗ್ಗೆ ಯೂಟ್ಯೂಬಿನಲ್ಲಿ ಯಾರು ಸುಳ್ಳು ಬಿಟ್ಟರೂ ಕೆಸರೆಯ ಮೆಕ್ಯಾನಿಕ್ ಚಾಮಯ್ಯನವರಿಗೆ ತಡೆಯಲಾಗುವುದಿಲ್ಲ. ಕಾಫಿ ಆರಿ ತಣ್ಣಗಾದರೂ ಸರಿಯೇ, ಗ್ರೀಸಿನ ಕರೆ ಬಿಡದ ತೋರುಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟಿ, "ತಪ್ಪು ಸ್ವಾಮಿ, ಅಷ್ಟು ಗಟ್ಟಿ ಆಯಿಲ್ ಹಾಕಿದರೆ ಆ ಇಂಜಿನ್ ಉಸಿರು ಕಟ್ಟಿ ಸಾಯುತ್ತದೆ" ಎಂದು ಬರೆದು, ಕೆಳಗೆ ತಮ್ಮ ಫೋನ್ ನಂಬರನ್ನೂ ಹಾಕಿಯೇ ಏಳುವುದು. "ಊರೋರ ಇಂಜಿನ್ನಿಗೆಲ್ಲ ನೀವೇ ಅಪ್ಪನಾ? ತಿಂಡಿ ತಿನ್ ಬನ್ನಿ" ಎಂದು ಹೆಂಡತಿ ಬೋರಮ್ಮ ರೇಗಿದರೆ, "ಇರಮ್ಮಿ, ಇಲ್ಲೊಬ್ಬ ಕಾರ್ಬುರೇಟರ್‌ನ ಉಪ್ನೀರಲ್ಲಿ ತೊಳೀತಾವ್ನೆ!" ಎನ್ನುತ್ತಾರೆ, ಮಗು ಬಾವಿಗೆ ಬಿತ್ತೇನೋ ಎಂಬಂತೆ. ತಾವು ಬಿಚ್ಚಿ ಜೋಡಿಸದ ಇಂಜಿನ್ ಮೈಸೂರಲ್ಲಿ ಇಲ್ಲವೆಂಬುದು ಅವರ ಜಂಬ. ಮುಕ್ಕಾಲು ಪಾಲು ನಿಜವೇ. ಮೊನ್ನೆ ಜಯಲಕ್ಷ್ಮಿಪುರಂನಿಂದ ಹೇಮಶ್ರೀ ಎಂಬಾಕೆ ಕಾಮೆಂಟಿನ ನಂಬರು ನೋಡಿ ಫೋನ್ ಮಾಡಿದಳು. ತೀರಿಹೋದ ಅಪ್ಪನ ಕಾರು, ಇಂಜಿನ್ ತಿರುಗದಂತೆ ಕಚ್ಚಿಕೊಂಡಿದೆ, ಜೀಪಿಗೆ ಕಟ್ಟಿ ಎಳೆದರೆ ಸ್ಟಾರ್ಟ್ ಆಗುತ್ತದೆಂದು ವಿಡಿಯೋದಲ್ಲಿದೆ, ಹಗ್ಗ ಕಟ್ಟಿಯೂ ಆಗಿದೆ ಎಂದಳು. "ಎಳೆದ್ರೆ ಒಳಗೆಲ್ಲ ಮುರೀತದೆ ಕಣಮ್ಮ, ಮುಟ್ಬ್ಯಾಡಿ, ಬಂದೆ!" ಎಂದು ಸ್ಕೂಟರ್ ಏರಿದ ಚಾಮಯ್ಯನವರು, ಅಲ್ಲಿ ಬಾನೆಟ್ ಎತ್ತಿ ನೋಡಿದರೆ, ಜನ್ಮದಲ್ಲಿ ಕಂಡಿರದ ಇಂಜಿನ್. ಸುತ್ತ ಬೀದಿಯವರೆಲ್ಲ ಮೊಬೈಲ್ ಹಿಡಿದು ನಿಂತಿದ್ದರು. "ಹೇಳಿ ಸಾರ್, ಈಗೇನು ಮಾಡೋದು?" ಎಂದಳು ಹೇಮಶ್ರೀ. ಬಾಯಿಗೆ ಬಂದದ್ದು ಹೇಳಿದ್ದರೂ ಎಲ್ಲರೂ ನಂಬುತ್ತಿದ್ದರು. "ಇಂಥದ್ದಕ್ಕೆ ನಾನು ಯಾವತ್ತೂ ಕೈ ಹಾಕಿಲ್ಲ ಕಣಮ್ಮ. ನಂಗೊತ್ತಿಲ್ಲ. ಗೊತ್ತಿರೋರ್ನ ಹುಡುಕವ" ಎಂದು ಕಡೆಯಲ್ಲಿ ನಿಂತವರಿಗೂ ಕೇಳುವಂತೆ ಹೇಳಿ, ಮಂಡಿಯೂರಿ ಕೂತು, ಹಗ್ಗದ ಗಂಟನ್ನು ಸಡಿಲಿಸತೊಡಗಿದರು.